ಜಾಗ ತುಂಬುವವಳು

ಅಕ್ಕ ಸತ್ತ ಮೇಲೆ ಅವಳ ಗಂಡನಿಗೆ ತಂಗಿಯನ್ನು ಕೊಡುವುದೆಂದು ಮನೆಯವರು ತೀರ್ಮಾನಿಸಿದರು. ತಂಗಿಗೆ ಹದಿನಾರು ವರ್ಷ. ಅವಳನ್ನು ಯಾರೂ ಕೇಳಲಿಲ್ಲ.

ತೀರ್ಮಾನವಾದ ಬೆಳಿಗ್ಗೆ ಅವಳು ಎಂದಿನಂತೆ ಚಪ್ಪಲಿ ಕಾರ್ಖಾನೆಯ ಬೆಂಚಿನ ಮುಂದೆ ಕೂತು ಅಟ್ಟೆಗೆ ಅಂಟು ಬಳಿಯುತ್ತಿದ್ದಳು. ಗಾಳಿ ಬಾರದ ಉದ್ದನೆಯ ಕೋಣೆ, ತಲೆಗೇರುವ ವಾಸನೆ, ಎರಡು ಸಾಲು ಹುಡುಗಿಯರು. ಕೂತಲ್ಲಿ ಕೂರದವಳೆಂದು ಇವಳನ್ನು ಎಲ್ಲರೂ ಗಿರಗಿಟ್ಲೆ ಎನ್ನುತ್ತಿದ್ದರು. ಅಂಟಿನ ಬೆಂಚು ಬಿಟ್ಟು ತೊಗಲು ಕತ್ತರಿಸುವ ಮೇಜಿಗೆ ಹೋಗಬೇಕೆಂಬುದು ಅವಳ ಆಸೆ. ಆ ಮೇಜಿಗೆ ಅದುವರೆಗೆ ಹುಡುಗಿಯರನ್ನು ಸೇರಿಸಿರಲಿಲ್ಲ. ಆದರೂ ಮೇಸ್ತ್ರಿ, "ಬಾಯಿ ನಿಲ್ಲಲ್ಲ, ಕಾಲು ನಿಲ್ಲಲ್ಲ, ಕೈ ಮಾತ್ರ ನಡುಗಲ್ಲ ಇವಳಿಗೆ. ಬರೋ ತಿಂಗಳು ಕತ್ತರಿ ಕೊಟ್ಟು ನೋಡೋಣ" ಎಂದಿದ್ದ.

ಆ ಕಾರ್ಖಾನೆಗೆ ಒಂದು ವರ್ಷದಿಂದ ಬಂದುಹೋಗುತ್ತಿದ್ದವಳು ಚಿತ್ರದಕ್ಕ. ಹಿಂದೆ ಕಂಪನಿಯಿಲ್ಲ, ಮುಂದೆ ಹೆಸರಿಲ್ಲ. ಹೆಗಲಿಗೊಂದು ಹಳೆಯ ಕ್ಯಾಮರಾ ತೂಗುಹಾಕಿಕೊಂಡು, ಆಡುವ ವಯಸ್ಸಿನಲ್ಲಿ ದುಡಿಮೆಗೆ ಬಿದ್ದ ಮಕ್ಕಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಜೊತೆಗೆ ಮೈಕು ಹಿಡಿಯುವವನೊಬ್ಬ. ಸದಾ ತಲೆಯ ಮೇಲೆ ಹೆಡ್‌ಫೋನು ಏರಿಸಿಕೊಂಡಿರುತ್ತಿದ್ದ ಅವನಿಗೆ ಹುಡುಗಿಯರು 'ಕಿವಿ' ಎಂದು ಹೆಸರಿಟ್ಟಿದ್ದರು.

ಚಿತ್ರದಕ್ಕನದೊಂದು ಕಟ್ಟುನಿಟ್ಟು. ಕ್ಯಾಮರಾ ಹಚ್ಚುವ ಮೊದಲು ಪ್ರತಿ ಸಲವೂ ಎದುರಿನವರನ್ನು ಕೇಳುತ್ತಿದ್ದಳು: "ತೆಗೀಲಾ?" ನಿನ್ನೆ ಹೂಂ ಎಂದವರನ್ನೂ ಇವತ್ತು ಮತ್ತೆ ಕೇಳಬೇಕು. ಮಧ್ಯದಲ್ಲಿ ಬೇಡವೆನಿಸಿದರೆ ಅಂಗೈ ಎತ್ತಿ ತೋರಿಸಬೇಕು. ಆ ಕ್ಷಣವೇ ಕ್ಯಾಮರಾ ಬಂದ್. ಯಾಕೆ ಎಂದು ಯಾರೂ ಕೇಳುವಂತಿಲ್ಲ.

ಹುಡುಗಿಯರಿಗೆ ಮೊದಮೊದಲು ಇದು ಆಟವಾಯಿತು. ಆಕಳಿಕೆ ಬಂದರೆ ಅಂಗೈ, ಮೂಗು ಸೋರಿದರೆ ಅಂಗೈ. ಮೇಸ್ತ್ರಿ ಬೈಯಲು ಬಂದಾಗ ಗಿರಗಿಟ್ಲೆ ಅವನ ಮುಖಕ್ಕೇ ಅಂಗೈ ಹಿಡಿದು, "ಬಂದ್!" ಎಂದಿದ್ದಳು. ಒಣಗಿದ ಅಂಟು ಅವಳ ಅಂಗೈಯಿಂದ ಹಳದಿ ಸಿಪ್ಪೆಯಂತೆ ಏಳುತ್ತಿತ್ತು. "ಮೊದಲು ಕೈ ತೊಳ್ಕೊ, ಆಮೇಲೆ ನನ್ನ ಬಂದ್ ಮಾಡುವಿಯಂತೆ" ಎಂದ ಮೇಸ್ತ್ರಿಯ ಮಾತಿಗೆ ಕೋಣೆಯಿಡೀ ನಕ್ಕಿತ್ತು.

ಅದೇ ಬೆಂಚಿನ ಮುಂದೆ ಕಳೆದ ವರ್ಷ ಅಕ್ಕನೂ ಇದ್ದಳು. ಅವಳಿಗಾಗ ಹದಿನೇಳು; ಹೊಟ್ಟೆಯಲ್ಲಿ ಕೂಸು. ಚಿತ್ರದಕ್ಕ ಅವಳ ಎದುರು ಕೂತು, "ಮದುವೆಗೆ ಮುಂಚೆ ನಿನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಎಂದಿದ್ದಳು. ಅಕ್ಕ ಕ್ಯಾಮರಾವನ್ನೇ ನೋಡಿದಳು. ಆಮೇಲೆ ಅಂಗೈ ಎತ್ತಿದಳು. ಕ್ಯಾಮರಾ ಬಂದ್ ಆಯಿತು. ಅವಳು ಬದುಕಿದ್ದಾಗಿನ ಕಡೆಯ ಚಿತ್ರ ಅದು. ಈ ಮೈಗೆ ಹೆರಿಗೆ ಭಾರವಾಗುತ್ತದೆಂದು ದವಾಖಾನೆಯ ನರ್ಸು ಹೇಳುತ್ತಲೇ ಇದ್ದಳು, ಹೇಳಿದಂತೆಯೇ ಆಯಿತು. ಕೂಸು ಉಳಿಯಿತು.

ಗಿರಗಿಟ್ಲೆ ಇದ್ದಕ್ಕಿದ್ದಂತೆ ಕಾರ್ಖಾನೆಗೆ ಬರುವುದು ನಿಂತಾಗ ಚಿತ್ರದಕ್ಕ ಮನೆಗೆ ಹೋದಳು. ಎರಡು ಕೋಣೆಯ ಮನೆ. ಅಮ್ಮ ಒಲೆಯ ಬಳಿ ಹಾಲಿನ ಸೀಸೆ ಕುದಿಸುತ್ತಿದ್ದಳು. ಕೂಸು ಗಿರಗಿಟ್ಲೆಯ ಹೆಗಲ ಮೇಲಿತ್ತು. ಅಪ್ಪ ಹೋದಂದಿನಿಂದ ಮನೆಯ ಯಜಮಾನಿಕೆ ಅಜ್ಜಿಯದು.

"ಬಾರಮ್ಮ ಚಿತ್ರದವಳೇ. ಇನ್ನು ಇವಳು ಅಂಟು ಬಳಿಯೋಕೆ ಬರಲ್ಲ. ಜಾಗ ತುಂಬ್ತಾಳೆ" ಎಂದಳು ಅಜ್ಜಿ.

"ಯಾವ ಜಾಗ ಅಜ್ಜಿ?"

"ಇವಳಕ್ಕನ ಜಾಗ! ನಮ್ಮ ಮನೇಲಿ ಹಿಂದಿಂದ ನಡ್ಕೊಂಡು ಬಂದಿದ್ದು. ಒಬ್ಬಳು ಹೋದ್ರೆ ಇನ್ನೊಬ್ಬಳು. ಕೊಟ್ಟ ಮನೇಲಿ ಜಾಗ ಖಾಲಿ ಬಿಟ್ಟರೆ ಹೊರಗಿನವಳು ಬಂದು ಕೂತ್ಕೋತಾಳೆ. ಕೂಸಿನ ಗತಿ?"

"ಇವಳು ಇನ್ನೂ ಹುಡುಗಿ ಅಜ್ಜಿ. ದೊಡ್ಡವಳನ್ನ ಬೇಗ ಕೊಟ್ಟಿದ್ದಕ್ಕೇ ಅಲ್ವಾ ಅವಳು..."

"ಅವಳ ಹಣೆಬರಹ ಅದು. ಇವಳದು ಗಟ್ಟಿ ಮೈ."

"ನರ್ಸು ಹೇಳಿದ್ದು ಹಣೆಬರಹ ಅಂತ ಅಲ್ಲ. ವಯಸ್ಸು ಅಂತ."

"ನರ್ಸಿಗೆ ಎಷ್ಟು ಮಕ್ಕಳು? ಒಂದೂ ಇಲ್ಲ! ನಾನು ಆರು ಹೆತ್ತಿದೀನಿ. ನನ್ನನ್ನೂ ನಮ್ಮಕ್ಕನ ಜಾಗಕ್ಕೇ ತಂದಿದ್ದು. ನಾನೇನು ಸತ್ತುಹೋದ್ನಾ?"

"ನಿಮ್ಮನ್ನ ಕೇಳಿದ್ರಾ ಅಜ್ಜಿ?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೇಳೋಕೆ ನಾನೇನು ನಿನ್ನ ಸಿನಿಮಾದವಳಾ?"

ಓದುವವರು ಇಲ್ಲೊಬ್ಬ ರಾಕ್ಷಸನನ್ನು ಹುಡುಕಬಾರದು. ಭಾವ ವ್ಯಾನು ಓಡಿಸಿ ದುಡಿಯುವವನು, ಕುಡಿಯುವವನಲ್ಲ, ಹೊಡೆಯುವವನಲ್ಲ. ಸಂಜೆ ಬಂದರೆ ಕೂಸಿಗೆ ಗಿಲಕಿ ತರುತ್ತಿದ್ದ. ಅಜ್ಜಿ ಮೊಮ್ಮಗಳ ತಲೆಗೆ ಎಣ್ಣೆ ತಿಕ್ಕಿ ಮುದ್ದಿನಿಂದ ಜಡೆ ಹೆಣೆಯುತ್ತಿದ್ದಳು. ಹೀಗೆ ಮುದ್ದು ಮಾಡುತ್ತಲೇ ಒಬ್ಬ ಹುಡುಗಿಯನ್ನು ಸತ್ತವಳ ಅಳತೆಗೆ ಕತ್ತರಿಸುವ ಕೆಲಸ ಆ ಮನೆಯಲ್ಲಿ ದಿನವೂ ನಡೆಯಿತು. ಮೊದಲು ಅಕ್ಕನ ಬಟ್ಟೆ ಬಂತು. ಆಮೇಲೆ ಬಾಗಿಲಲ್ಲಿದ್ದ ಅಕ್ಕನ ಚಪ್ಪಲಿ. ಅದು ದೊಡ್ಡದಾಗುತ್ತಿತ್ತು, ಮುಂದೆ ಚಿಂದಿ ತುರುಕಿಕೊಂಡು ಹಾಕಿಕೋ ಎಂದರು. ಅಳತೆ ತಪ್ಪಿದ ಚಪ್ಪಲಿಯನ್ನು ಕಾರ್ಖಾನೆಯಲ್ಲಿ ಬದಿಗೆ ಎಸೆಯುತ್ತಿದ್ದವಳು ಅದನ್ನೇ ಮೆಟ್ಟಿ ನೀರು ಹೊತ್ತಳು. ಕಡೆಗೊಂದು ಸಂಜೆ ಭಾವ ಊಟಕ್ಕೆ ಕೂತು, ಬಡಿಸುತ್ತಿದ್ದವಳನ್ನು ಅಕ್ಕನ ಹೆಸರು ಹಿಡಿದು ಕರೆದ. ಬಾಯಿ ತಪ್ಪಿ ಬಂದಿರಬಹುದು. ಅಮ್ಮನ ಕೈಯ ಸೌಟು ನಿಂತಿತು. ಅಜ್ಜಿ ಮಾತ್ರ, "ಹಂಗೇ ಕರಿ. ರೂಢಿಯಾಗಲಿ" ಎಂದಳು.

ಮರುದಿನ ಭಾವ ಬೇಕೆಂದೇ ಕರೆದ. ಗಿರಗಿಟ್ಲೆ ತಿರುಗಲಿಲ್ಲ. "ಕಿವಿ ಕೇಳಲ್ವಾ?" ಎಂದು ಅಜ್ಜಿ ಗದರಿದಳು. ಮೂರನೆಯ ಸಲ ತಿರುಗಿದಳು.

ಅಕ್ಕನ ಹೆರಿಗೆ ನೋಡಿದ್ದ ನರ್ಸು ಸುದ್ದಿ ತಿಳಿದು ಬಾಗಿಲಲ್ಲೇ ನಿಂತು ಕೂಗಾಡಿದಳು. "ಒಂದು ಹೆಣ ಎತ್ತಿದೀನಿ. ಇನ್ನೊಂದು ಎತ್ತೋಕೆ ನಾನು ತಯಾರಿಲ್ಲ. ಮೇಲಿನವರಿಗೆ ದೂರು ಕೊಡ್ತೀನಿ, ನೋಡ್ತಿರಿ" ಎಂದಳು. ಅಜ್ಜಿ ಎರಡು ದಿನ ಯೋಚಿಸಿ ಚಿತ್ರದಕ್ಕನಿಗೆ ಹೇಳಿಕಳಿಸಿದಳು.

"ನೀನು ಕೇಳಿ ಕೇಳಿ ತೆಗೀತೀಯಲ್ಲ, ಊರಿಗೆಲ್ಲ ಗೊತ್ತು. ನಿನ್ನ ಡಬ್ಬದ ಮುಂದೆ ಇವಳು 'ನನಗೆ ಒಪ್ಪಿಗೆ' ಅಂತಾಳೆ. ಹಿಡ್ಕೊ. ನಾಳೆ ಆ ನರ್ಸು ಬಾಯಿ ತೆಗೆದ್ರೆ ಮುಖಕ್ಕೆ ಹಿಡೀತೀನಿ."

"ಈ ವಯಸ್ಸಲ್ಲಿ ಹೂಂ ಅಂದ್ರೂ ಅದು ಹೂಂ ಅಲ್ಲ ಅಜ್ಜಿ. ಮನೆಯೆಲ್ಲ ಒಂದು ಕಡೆ ನಿಂತು ಹೇಳಿಸಿದ್ದು ಒಪ್ಪಿಗೆ ಹೇಗಾಗುತ್ತೆ?"

"ನಿನ್ನ ಉಪದೇಶ ನಿನ್ನ ಸಿನಿಮಾಕ್ಕಿಟ್ಕೊ. ತೆಗೀತೀಯೋ ಇಲ್ವೋ? ಇಲ್ಲಾಂದ್ರೆ ಇವಳ ಭಾವನ ಫೋನಲ್ಲೇ ಹಿಡ್ಕೋತೀವಿ. ಆಮೇಲೆ ಈ ಹೊಸ್ತಿಲು ತುಳೀಬೇಡ."

ಹಿಂತಿರುಗುವ ದಾರಿಯಲ್ಲಿ 'ಕಿವಿ' ಮೈಕಿನ ಕೋಲು ನೆಲಕ್ಕೆ ಕುಟ್ಟಿದ. "ಹೋಗಬೇಡಿ ಅಕ್ಕ. ಅವಳು ಹೆದರಿ ಹೂಂ ಅಂದ್ಬಿಟ್ರೆ? ನಮ್ಮ ಕೈಯಾರೆ ಮಾಡಿದ ಚಿತ್ರಾನೇ ಅವಳ ಕುತ್ತಿಗೆಗೆ ಬರುತ್ತೆ."

"ಫೋನಲ್ಲಿ ಹಿಡಿಯೋರು ಅವಳನ್ನ ಕೇಳಲ್ಲ ಕಣೋ. ನಾನಾದ್ರೆ ಕೇಳ್ತೀನಿ."

"ಕೇಳಿದ್ರೆ ಸಾಕಾ? ಅವಳಕ್ಕನ್ನೂ ಕೇಳಿದ್ರಿ."

ಚಿತ್ರದಕ್ಕ ಕ್ಯಾಮರಾವನ್ನು ಹೆಗಲಿಗೇರಿಸಿ ಮುಂದೆ ನಡೆದಳು. ಆ ಅಂಗೈಯ ಚಿತ್ರವನ್ನು ಅವಳು ಎಷ್ಟೋ ಸಲ ಹಾಕಿ ನೋಡಿದ್ದಳು. ಬೆರಳ ಸಂದಿಯಲ್ಲಿ ಒಂದು ಕಣ್ಣು ಕಾಣುತ್ತಿತ್ತು.

ಮರುದಿನ ಮಧ್ಯಾಹ್ನದ ಬಿಸಿಲು ಆ ಮನೆಯ ಮುಂದಿನ ಕೋಣೆಯ ಗೋಡೆಗೆ ಬಿದ್ದಿತ್ತು. ಗಿರಗಿಟ್ಲೆಯನ್ನು ಕುರ್ಚಿಯ ಮೇಲೆ ಕೂರಿಸಿದ್ದರು: ಅಕ್ಕನ ಬಟ್ಟೆ, ಅಕ್ಕನ ಚಪ್ಪಲಿ, ಅಕ್ಕನಂತೆ ತೆಗೆದ ಬೈತಲೆ. ಭಾವ ಬಾಗಿಲಿಗೆ ಒರಗಿ ಕಾಲ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. ಕೂಸು ಅಮ್ಮನ ತೊಡೆಯ ಮೇಲೆ. ಅಜ್ಜಿ ಕ್ಯಾಮರಾದ ಪಕ್ಕದಲ್ಲೇ, ಮೊಮ್ಮಗಳಿಗೆ ಮುಖ ಕಾಣುವಂತೆ ಕೂತಳು.

"ತೆಗೀಲಾ?" ಎಂದಳು ಚಿತ್ರದಕ್ಕ.

ಹುಡುಗಿ ಹೂಂ ಎಂದು ತಲೆಯಾಡಿಸಿದಳು. ಕ್ಯಾಮರಾದ ಕೆಂಪು ದೀಪ ಹತ್ತಿತು.

"ಯಾರಿಗೂ ಹೆದರಬೇಡ. ನಿನಗೆ ಏನು ಅನ್ಸುತ್ತೋ ಅದನ್ನೇ ಹೇಳು. ಅಂಗೈ ನೆನಪಿದೆ ತಾನೇ?"

"ಅಷ್ಟೆಲ್ಲ ಯಾಕಮ್ಮ?" ಎಂದು ಅಜ್ಜಿ ನಡುವೆ ಬಾಯಿ ಹಾಕಿದಳು. "ಹೇಳೇ, ನನಗೆ ಒಪ್ಪಿಗೆ ಅನ್ನು. ಎರಡು ಮಾತು."

ಗಿರಗಿಟ್ಲೆ ಕ್ಯಾಮರಾವನ್ನೇ ನೋಡಿದಳು.

"ಕೂಸಿನ ಮುಖ ನೋಡೇ."

ನೋಡಿದಳು. "ಕೂಸನ್ನ ನಾನು ಸಾಕ್ತೀನಿ. ಕಾರ್ಖಾನೆಗೆ ಹೋಗಿ ಬಂದು ಸಾಕ್ತೀನಿ. ಅದು ನನ್ನನ್ನ ಚಿಕ್ಕಮ್ಮ ಅನ್ನಲಿ."

"ಅದಲ್ಲ ಕೇಳಿದ್ದು! ಹೇಳಿಕೊಟ್ಟಿದ್ದು ಹೇಳು."

ಭಾವ ಮೆಲ್ಲಗೆ ಅವಳನ್ನು ಕರೆದ. ಅಕ್ಕನ ಹೆಸರಿನಿಂದ.

ಹುಡುಗಿ ಬಗ್ಗಿದಳು. ಒಂದೊಂದಾಗಿ ಎರಡೂ ಚಪ್ಪಲಿ ಕಳಚಿ, ಒಳಗಿದ್ದ ಚಿಂದಿಯನ್ನು ಹೊರಗೆಳೆದು, ಜೋಡಿ ಮಾಡಿ ಕುರ್ಚಿಯ ಬದಿಗಿಟ್ಟಳು. ಆಮೇಲೆ ನೆಟ್ಟಗೆ ಕೂತು ಅಂಗೈ ಎತ್ತಿದಳು. ಅಂಟು ಮುಟ್ಟದೆ ಎಷ್ಟೋ ದಿನವಾಗಿದ್ದ ಕೈ. ಸಿಪ್ಪೆಯಿಲ್ಲ, ಕಲೆಯಿಲ್ಲ, ಬರೀ ಗೆರೆಗಳು. ಅದು ನಡುಗುತ್ತಿರಲಿಲ್ಲ.

ಅಭ್ಯಾಸಬಲದಿಂದ ಚಿತ್ರದಕ್ಕನ ಬೆರಳು ಗುಂಡಿಯ ಮೇಲೆ ಹೋಯಿತು.

"ಕ್ಯಾಮರಾ ಬಂದ್ ಮಾಡಬೇಡಿ ಅಕ್ಕ" ಎಂದಳು ಹುಡುಗಿ. ಅಂಗೈ ಅಜ್ಜಿಯ ಕಡೆಗೆ ತಿರುಗಿತ್ತು. "ಇದು ನಿಮಗಲ್ಲ. ಇವರಿಗೆ."

"ಕೈ ಇಳಿಸೇ!" ಎಂದು ಅಜ್ಜಿ ಎದ್ದು ನಿಂತಳು.

ಅವಳು ಇಳಿಸಲಿಲ್ಲ.