ನಲವತ್ತೊಂದನೆಯ ಗುಂಡಿ

"ಮೇಡಂ, ಒಂಚೂರು ಬಾಜೂಕ ಸರೀರಿ. ಫೋಟೋದಾಗ ಕೈ ಬಂದ್ರ ಸಾಕು."

ಶಿವಗಂಗಾ ಸರಿದಳು. ಐದಡಿ ಆಳದ ಗುಂಡಿಯಲ್ಲಿ ಸರಿಯಲು ಹೆಚ್ಚು ಜಾಗವಿರಲಿಲ್ಲ. ಮೇಲೆ ಕ್ಯಾಮೆರಾ ಹಿಡಿದ ಸಹೋದ್ಯೋಗಿ ಕ್ರಾಂತಿಕುಮಾರನ ಬೂಟು, ಪಕ್ಕದಲ್ಲಿ ಮಣ್ಣು ಸಮೀಕ್ಷೆ ಕಚೇರಿಯ ಮುಖ್ಯಸ್ಥ ಕಾಶಿನಾಥರ ಬೂಟು. ಎರಡೂ ಸ್ವಚ್ಛವಾಗಿದ್ದವು.

ರಾಯಿಕೋಡಿನ ಈ ಎರಿಹೊಲದಲ್ಲಿ ಗುಂಡಿ ತೋಡಿಸಿ, ಗೋಡೆ ಕೆರೆದು, ಪದರ ಪದರದ ಮಣ್ಣನ್ನೂ ನೆನೆಸಿ ಬೆರಳಲ್ಲಿ ತಿಕ್ಕಿ, ಬಣ್ಣ, ಜಿಗುಟು ಬರೆದುಕೊಂಡವಳು ಅವಳು. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸುತ್ತ ಇಂಥ ನಲವತ್ತು ಗುಂಡಿ ಆಗಿದ್ದವು. ಇದು ಕೊನೆಯದು. ಬೆಳಿಗ್ಗೆ ಜೀಪಿನಲ್ಲಿ, ಈ ಗುಂಡಿಗಳ ಮಣ್ಣಿನ ಬಗ್ಗೆ ಕಚೇರಿ ತರಲಿದ್ದ ಪುಸ್ತಕದ ಮುಖಪುಟದ ಕರಡು ನೋಡಿದ್ದಳು. ಲೇಖಕರು ಇಬ್ಬರು. ಇಬ್ಬರ ಬೂಟೂ ಈಗ ಅವಳ ಕಣ್ಣೆದುರಿಗಿತ್ತು.

"ಸರ್, ನನ್ನ ಹೆಸರು?"

"ಒಳಗ ಅದ ಅಲ್ರೀ. ಕೃತಜ್ಞತಾ ಪುಟದಾಗ."

"ಡ್ರೈವರ್ ಹೆಸರಿನ ಮ್ಯಾಲ ಅದನೋ, ಕೆಳಗ ಅದನೋ?"

ಕ್ರಾಂತಿಕುಮಾರ ನಕ್ಕ. ಕಾಶಿನಾಥ ಗಡಿಯಾರ ನೋಡಿದರು. "ಬಿಸಲು ಹೊಂಟದ. ಟೇಪ್ ಹಿಡೀರಿ."

ಆಳ ತೋರಿಸುವ ಅಳತೆ ಟೇಪನ್ನು ಮೊಳೆಗೆ ನೇತುಹಾಕಬಹುದಿತ್ತು. ಮೊಳೆ ಜೀಪಿನಲ್ಲೇ ಇತ್ತು. ನಲವತ್ತು ಗುಂಡಿಗಳಲ್ಲಿ ಅದರ ಕೆಲಸ ಮಾಡಿದ್ದು ತಾನೇ ಎಂದು ಅವಳಿಗೆ ಈಗ ಹೊಳೆಯಿತು.

ಟೇಪು ಬಿಟ್ಟಳು. ಚಾಕು ತೆಗೆದು, ನುಣ್ಣಗೆ ಕೆರೆದಿದ್ದ ಕಪ್ಪು ಗೋಡೆಯಲ್ಲಿ ತನ್ನ ಹೆಸರು ಕೊರೆಯತೊಡಗಿದಳು. ದೊಡ್ಡ ಅಕ್ಷರ. ‘ಗಂ’ ಅಕ್ಷರದ ಸೊನ್ನೆಯ ನಡುವೆ ಒಂದು ಸುಣ್ಣದ ಹರಳು ಸಿಕ್ಕಿತು. ಹಾಗೇ ಬಿಟ್ಟಳು.

"ಏನ್ರೀ ಇದು! ಗೋಡಿ ಖರಾಬ್ ಆತು!" ಕಾಶಿನಾಥ ಕೂಗಿದರು.

"ಈಗ ಹೊಡೀರಿ ಫೋಟೋ."

"ಕೆರೀರಿ ಅದನ್ನ."

"ನೀವೇ ಇಳೀರಿ ಸರ್. ಚಾಕು ಕೊಡ್ತೀನಿ."

ಯಾರೂ ಇಳಿಯಲಿಲ್ಲ.

ಹೊಲ ಮಾಡುವ ಪೀರಮ್ಮ ಸಲಿಕೆ ಹಿಡಿದು ಬಂದಳು. "ಕುರಿ ಬರೂ ಹೊತ್ತಾತು. ತೆಗ್ಗಿನಾಗ ಬಿದ್ದು ಕಾಲು ಮುರ್ಕೊಂಡ್ರ ನೀವು ಬಂದು ಮೇಯಸ್ತೀರೇನ್ರಿ?"

"ತೆಗ್ಗು ಮುಚ್ಚು ನೀ," ಎಂದರು ಕಾಶಿನಾಥ. "ಮಣ್ಣು ಬಿದ್ರ ಮೇಡಂ ತಾವೇ ಏರ್ತಾರ." ಇಬ್ಬರೂ ಜೀಪಿನತ್ತ ನಡೆದರು.

ಪೀರಮ್ಮ ಬಗ್ಗಿ ನೋಡಿದಳು. "ಏನ್ ಬರ್ದೀರಿ ಅಕ್ಕಾರ?"

"ನನ್ನ ಹೆಸರು."

"ಮೂವತ್ ವರ್ಷ ಮಾಡೀನಿ ಈ ಹೊಲ. ಪಟ್ಟಾದಾಗ ನನ್ ಹೆಸರೇ ಇಲ್ಲ. ನಿಮ್ದು ಬಂತೇನು?"

ಶಿವಗಂಗಾ ಮೂಲೆಯಲ್ಲಿದ್ದ ಮಣ್ಣಿನ ನಮೂನೆ ಚೀಲದ ಚೀಟಿ ನೋಡಿದಳು. ರೈತನ ಹೆಸರು: ಭೀಮಶಾ. ಪೀರಮ್ಮನ ಗಂಡ. ಬರೆದ ಅಕ್ಷರ ತನ್ನದೇ.

"ಏರಿ ಬರ್ರಿ."

"ಬರಂಗಿಲ್ಲ."

"ಕುರಿ ನಿಲ್ಲಂಗಿಲ್ಲ ಅಕ್ಕಾರ." ಪೀರಮ್ಮ ಗುಂಡಿಯಿಂದ ತೆಗೆದು ಬೇರೆಬೇರೆಯಾಗಿ ಒಟ್ಟಿದ್ದ ಮಣ್ಣಿನ ಗುಡ್ಡೆಗಳತ್ತ ತಿರುಗಿದಳು. "ಯಾವ ಗುಡ್ಡಿ ಮೊದಲು?"

"ಹಳದೀದು. ಕೆಳಗಿಂದು ಕೆಳಗೇ ಹೋಗ್ಬೇಕು."

ಜೀಪು ಚಾಲೂ ಆಯಿತು. ಹೊರಡಲಿಲ್ಲ.

ಹಳದಿ ಮಣ್ಣು ಹಿಮ್ಮಡಿ ಮುಚ್ಚಿತು. ಅವಳು ಕಾಲೆತ್ತಲಿಲ್ಲ. ಟೇಪು ಹಿಡಿದು ಓದಿದಳು. ಮಣ್ಣು ಗೋಡೆಯ ಮೇಲಿನ ಹೆಸರು ಮುಟ್ಟಲು ಇನ್ನೂ ತೊಂಬತ್ತು ಸೆಂಟಿಮೀಟರ್ ಇತ್ತು.