ದಿನಾ ಸಾಯುವವನಿಗೆ ಒಂದು ಹೂ

ಕ್ಯೋಟೊದ ಪಡುವಣ ಅಂಚಿನಲ್ಲಿ, ಟ್ರಾಮು ಮನೆಗಳ ಹಿತ್ತಲಲ್ಲಿ ಒಣಗುವ ಬಟ್ಟೆಗಳನ್ನು ಸವರಿಕೊಂಡು ಹೋಗುವ ಕಡೆ, ಒಂದು ಸಿನಿಮಾ ಊರಿದೆ. ಹಿಂದೆ ಕತ್ತಿವರಸೆಯ ಚಿತ್ರಗಳನ್ನೆಲ್ಲ ಅಲ್ಲೇ ತೆಗೆಯುತ್ತಿದ್ದರು. ಈಗ ಟಿಕೆಟ್ ಕೊಂಡವರೆಲ್ಲ ಆ ಊರಿನ ಪ್ರಜೆಗಳೇ. ಬಾಡಿಗೆ ಕಿಮೋನೊ ತೊಟ್ಟ ಮಕ್ಕಳು ಪ್ಲಾಸ್ಟಿಕ್ ಕತ್ತಿ ಹಿಡಿದು ಓಡಾಡುತ್ತವೆ, ದೆವ್ವದ ಮನೆಯಿಂದ ಹೊರಬಿದ್ದ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುತ್ತಾರೆ. ಮಧ್ಯಾಹ್ನವಾಯಿತೆಂದರೆ ಎಲ್ಲರೂ ಮರದ ಸೇತುವೆಯ ಮುಂದೆ ಸೇರಬೇಕು. ನಾಯಕ ಬರುತ್ತಾನೆ, ದುಷ್ಟರನ್ನು ಒಬ್ಬೊಬ್ಬರಾಗಿ ಕಡಿದು ಹಾಕುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ.

ಫುಮಿನೊ ಪ್ರತಿ ಭಾನುವಾರ ಬರುತ್ತಿದ್ದದ್ದು ನಾಯಕನಿಗಾಗಿ ಅಲ್ಲ. ಕಡಿಸಿಕೊಳ್ಳುವವರಲ್ಲಿ ಕೊನೆಯವನಿಗಾಗಿ.

ಆ ಕೊನೆಯವರ ಹೆಸರು ಇಸೊಗಾಯ್. ವಯಸ್ಸು ಅರವತ್ತು ದಾಟಿದೆ. ಹರೆಯದಿಂದ ಅವರು ಮಾಡಿಕೊಂಡು ಬಂದದ್ದು ಒಂದೇ ಕೆಲಸ, ಸಾಯುವುದು. ತೆರೆಯ ಮೇಲೆ ಅವರ ಹೆಸರು ಬಂದದ್ದು ಕಡಿಮೆ, ಬಂದರೂ ಓದುವಷ್ಟು ಹೊತ್ತು ನಿಂತದ್ದಿಲ್ಲ. ಆದರೆ ಅವರ ಸಾವೇ ಬೇರೆ. ಕತ್ತಿ ತಗುಲಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಆಗದವರಂತೆ ನಿಲ್ಲುತ್ತಾರೆ. ಮುಖದಲ್ಲಿ ನೋವಿಲ್ಲ, ಏನನ್ನೋ ಮನೆಯಲ್ಲೇ ಮರೆತು ಬಂದೆನಲ್ಲ ಎಂಬಂಥ ಸಣ್ಣ ಬೆರಗು. ಆಮೇಲೆ ಇಡೀ ದೇಹ ಒಂದೇ ಸಲಕ್ಕೆ, ಒಂದೇ ತುಂಡಾಗಿ ಉದುರುತ್ತದೆ.

ಫುಮಿನೊಳ ಅಜ್ಜಿ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಟೀವಿಯಲ್ಲಿ ಈ ಚಿತ್ರಗಳನ್ನು ತೋರಿಸುತ್ತಿದ್ದಳು. ನಾಯಕ ಕುದುರೆಯೇರಿ ಹೋದ ಮೇಲೆ ಬೇರೆಯವರ ಮನೆಗಳಲ್ಲಿ ಕಥೆ ಮುಗಿಯುತ್ತಿತ್ತು, ಅಜ್ಜಿಯ ಕಥೆ ಆಗ ಶುರುವಾಗುತ್ತಿತ್ತು. ಸೇತುವೆಯ ಮೇಲೆ ಬಿದ್ದವನು ಚಂದ್ರ ಮೂಡಿದ ಮೇಲೆ ಮೆಲ್ಲಗೆ ಏಳುತ್ತಾನಂತೆ, ಮೈಯ ಧೂಳು ಕೊಡವಿಕೊಂಡು ಹೊಳೆಯಲ್ಲಿ ಮುಖ ತೊಳೆದು ಮನೆಗೆ ಹೋಗುತ್ತಾನಂತೆ, ಮನೆಯಲ್ಲಿ ಬಿಸಿ ಗಂಜಿ ಕಾದಿರುತ್ತದಂತೆ. ಬಡಿಸುವವರು ಯಾರಜ್ಜಿ ಎಂದು ಫುಮಿನೊ ಕೇಳಿದರೆ, ಇನ್ಯಾರು, ನೀನೇ ಎನ್ನುತ್ತಿದ್ದಳು. ಅಜ್ಜಿ ತೀರಿಕೊಂಡಳು, ಆ ಮಾತು ಉಳಿಯಿತು. ಆ ಮನುಷ್ಯ ಅಜ್ಜಿ ತನ್ನ ಹೆಸರಿಗೆ ಬಿಟ್ಟುಹೋದ ಆಸ್ತಿ ಎಂದೇ ಫುಮಿನೊ ನಂಬಿಕೊಂಡಿದ್ದಳು.

ಸೇತುವೆಯ ಮುಂದೆ ಚಾಪೆ ಹಾಸಿದ ಮೊದಲ ಸಾಲು ಇಸೊಗಾಯ್ ಅವರ ಖಾಯಂ ಅಭಿಮಾನಿಗಳದ್ದು. ಎಲ್ಲೂ ಬರೆಯದ ಕಟ್ಟಳೆಗಳು ಅವರೊಳಗೆ ಇದ್ದವು. ಆಟಕ್ಕೆ ಮುಂಚೆ ಹಿಂಬಾಗಿಲ ಬಳಿ ಸಾಲಾಗಿ ನಿಲ್ಲಬೇಕು, ಹಳಬರು ಮುಂದೆ, ಹೊಸಬರು ಹಿಂದೆ. ಕೊಡುವುದಿದ್ದರೆ ಎರಡೂ ಕೈಯಲ್ಲಿ ಕೊಟ್ಟು, ಬಗ್ಗಿ ವಂದಿಸಿ, ಪಕ್ಕಕ್ಕೆ ಸರಿಯಬೇಕು. ಪ್ರಶ್ನೆ ಕೇಳುವಂತಿಲ್ಲ. ಒಬ್ಬರು ಇನ್ನೊಬ್ಬರಿಗಿಂತ ಒಂದು ಹೆಜ್ಜೆ ಮುಂದೆ ಹೋಗುವುದಂತೂ ಮಹಾಪಾಪ. ಇದನ್ನೆಲ್ಲ ಕಾಯುತ್ತಿದ್ದವಳು ಕಿನು ಅಜ್ಜಿ. ಗಂಡ ತೀರಿಕೊಂಡ ವರ್ಷದಿಂದ ತಪ್ಪದೆ ಬರುತ್ತಿದ್ದ ಅವಳ ಚೀಲದಲ್ಲಿ ಯಾವಾಗಲೂ ಕಿತ್ತಳೆ ಹಣ್ಣು, ಬಾಯಲ್ಲಿ ಯಾವಾಗಲೂ ಚುಚ್ಚುಮಾತು. ಇಸೊಗಾಯ್ ಅವರು ಬಾಗಿಲಿಗೆ ಬಂದು ಎಲ್ಲರಿಗೂ ಸೇರಿಸಿ ಒಂದೇ ಸಲ ಬಗ್ಗುತ್ತಿದ್ದರು. ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ. ಒಂದೇ ಒಂದು ಸಲ ಆ ಬಾಯಲ್ಲಿ ತನ್ನ ಹೆಸರು ಬರಬೇಕು, ಫುಮಿನೊಗೆ ಇದ್ದ ಆಸೆ ಅದೊಂದೇ. ಬೇರೆ ಯಾರದೂ ಬರುವುದಿಲ್ಲವಲ್ಲ ಎನ್ನುವುದೇ ಅವಳ ಸಮಾಧಾನ.

ಆ ಸಮಾಧಾನವನ್ನು ಅವಳೇ ಕೈಯಾರೆ ಕೆಡಿಸಿಕೊಂಡಳು. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಡಗಣ ತುದಿಯ ಹೊಕ್ಕೈಡೊ ದ್ವೀಪದಿಂದ ಮಿನೊರಿ ಎಂಬ ಹುಡುಗಿ ಹೊಸದಾಗಿ ಸೇರಿದ್ದಳು. ಹಿಮದ ಸೀಮೆಯವಳು, ಕೆಂಪು ಕೆನ್ನೆ, ಏನು ತೋರಿಸಿದರೂ ಕಣ್ಣರಳಿಸುವವಳು. ಆಸ್ತಿ ಇದ್ದವರಿಗೆ ಅದನ್ನು ಯಾರಿಗಾದರೂ ತೋರಿಸಬೇಕು ಅನ್ನಿಸುವುದು ಸಹಜ ತಾನೆ? ಫುಮಿನೊ ಅವಳನ್ನು ಕರೆದುಕೊಂಡು ಬಂದಳು.

ಮೊದಲ ದಿನವೇ ಮಿನೊರಿ ಕಟ್ಟಳೆಗಳನ್ನೆಲ್ಲ ಗಾಳಿಗೆ ತೂರಿದಳು. ಸಾಲಿನ ಕೊನೆಯಲ್ಲಿ ನಿಂತವಳು ಇಸೊಗಾಯ್ ಅವರನ್ನು ನೋಡಿದ್ದೇ ಕೇಳಿಬಿಟ್ಟಳು: "ದಿನಾ ಹಾಗೆ ಬಿದ್ರೆ ಬೆನ್ನು ನೋಯಲ್ವಾ?"

ಇಸೊಗಾಯ್ ಅವರು ನಕ್ಕರು. "ನೋಯುತ್ತೆ ಕಣಮ್ಮ. ತುಂಬಾ ನೋಯುತ್ತೆ. ಇಷ್ಟು ವರ್ಷದಲ್ಲಿ ಕೇಳಿದವಳು ನೀನೊಬ್ಬಳೇ. ನಿನ್ನ ಹೆಸರೇನು?"

ಮುಂದಿನ ಭಾನುವಾರ ಬಾಗಿಲು ತೆರೆದಾಗ ಅವರ ಕಣ್ಣು ಹಳಬರನ್ನೆಲ್ಲ ದಾಟಿ ಸಾಲಿನ ಬಾಲಕ್ಕೆ ಹೋಯಿತು. ಮಿನೊರಿ ಬಂದ್ಲಾ ಎಂದರು. ಆಮೇಲೆ, ಮಿನೊರಿಗಾಗಿ ತನ್ನ ಜಾಗ ಬಿಟ್ಟು ಸಾಲಿನ ಕೊನೆಗೆ ಬಂದು ಅವಳ ಪಕ್ಕದಲ್ಲೇ ನಿಂತಿದ್ದ ಫುಮಿನೊ ಕಡೆ ತಿರುಗಿ, ತುಂಬ ಅಕ್ಕರೆಯಿಂದ ಕೇಳಿದರು: "ನೀವು ಇವಳ ಗೆಳತೀನಾ? ಇದೇ ಮೊದಲ ಸಲ ಬರ್ತಿರೋದಾ?"

ಫುಮಿನೊ ಹೂಂ ಎಂದಳು. ಇನ್ನೇನು ಹೇಳಲು ಸಾಧ್ಯ?

ಅಂದಿನಿಂದ ಅವಳ ಎದೆಯಲ್ಲಿ ಒಂದು ಕೆಂಡ ಕೂತಿತು. ಅಂಗಡಿಯಲ್ಲಿ ಮಿನೊರಿ ಗಾಜು ಒರೆಸುತ್ತ ಗುನುಗಿದರೆ ಆ ಗುನುಗು ಬೇಡ. ಮಿನೊರಿ ಊಟದ ಡಬ್ಬಿ ತೆರೆದರೆ ಆ ಉಪ್ಪಿನಕಾಯಿಯ ವಾಸನೆ ಬೇಡ. ಗಿರಾಕಿಗಳು ಮಿನೊರಿಯನ್ನೇ ಹುಡುಕಿಕೊಂಡು ಬರುತ್ತಾರಲ್ಲ, ಇವಳ ಮುಖದಲ್ಲಿ ಅಂಥದ್ದೇನಿದೆ ಎಂದು ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದಳು. ಏನೂ ಇರಲಿಲ್ಲ. ತೆರೆದ ಬಾಗಿಲಿನಂಥ ಮುಖ, ಅಷ್ಟೆ. ತಾನು ಇಷ್ಟು ವರ್ಷ ಒಂದೊಂದೇ ಅಕ್ಕಿಕಾಳು ಕೂಡಿಟ್ಟ ಹಾಗೆ ಕೂಡಿಟ್ಟ ಭಕ್ತಿ ಎಲ್ಲಿ, ಬೆನ್ನು ನೋವಿನ ಒಂದು ಪ್ರಶ್ನೆ ಎಲ್ಲಿ.

ಅಷ್ಟರಲ್ಲಿ ಇಸೊಗಾಯ್ ಅವರ ಬೆನ್ನು ನಿಜವಾಗಿಯೂ ಕೈಕೊಟ್ಟಿತು. ಕೆಲವು ವಾರ ಸೇತುವೆಯ ಮೇಲೆ ಬೇರೊಬ್ಬ ಸತ್ತ. ಕಟ್ಟಿಗೆ ಬಿದ್ದ ಹಾಗೆ ಬೀಳುತ್ತಾನೆ ಎಂದು ಕಿನು ಅಜ್ಜಿ ಮೂಗು ಮುರಿದಳು. ಫೆಬ್ರವರಿಯಲ್ಲಿ ಅವರು ಮರಳುವ ಸುದ್ದಿ ಬಂತು. ಮಿನೊರಿ ಫುಮಿನೊಳ ತೋಳು ಹಿಡಿದು ಕೇಳಿದಳು: "ಅಕ್ಕ, ಕಾಯಿಲೆಯಿಂದ ಎದ್ದು ಬರ್ತಿದ್ದಾರೆ. ಏನಾದ್ರೂ ತಗೊಂಡು ಹೋಗ್ಬೇಕು. ಈ ಕಡೆ ಪದ್ಧತಿ ನನಗೆ ಗೊತ್ತಿಲ್ಲ. ಏನು ಕೊಟ್ರೆ ಸರಿ?"

ಅಂಗಡಿಯ ಕಿಟಕಿಯಾಚೆ ಗುಡಿಯ ಬೇಲಿಯಲ್ಲಿ ಕ್ಯಾಮೆಲಿಯಾ ಹೂ ಬಿಟ್ಟಿತ್ತು. ದಟ್ಟ ಹಸಿರು ಎಲೆ, ರಕ್ತದಂಥ ಕೆಂಪು. ಅದು ಎಸಳು ಎಸಳಾಗಿ ಉದುರುವ ಹೂವಲ್ಲ. ಇಡೀ ತಲೆಯೇ ಕಡಿದು ಬಿದ್ದಂತೆ ಒಮ್ಮೆಗೇ ಬೀಳುತ್ತದೆ. ಅದಕ್ಕೇ ಕತ್ತಿ ಹಿಡಿದ ಮನೆತನದವರು ಅದನ್ನು ಬಾಗಿಲ ಮುಂದೆ ನೆಡುತ್ತಿರಲಿಲ್ಲವಂತೆ, ಅದಕ್ಕೇ ಇವತ್ತಿಗೂ ರೋಗಿಯ ಹತ್ತಿರ ಯಾರೂ ಅದನ್ನು ಒಯ್ಯುವುದಿಲ್ಲ. ಫುಮಿನೊಗೆ ಅಜ್ಜಿ ಇದನ್ನು ಅಕ್ಷರ ಕಲಿಯುವ ಮೊದಲೇ ಕಲಿಸಿದ್ದಳು. ಮಿನೊರಿಯ ಊರಿನ ಹಿಮದಲ್ಲಿ ಆ ಮರ ಬೆಳೆಯುವುದೇ ಇಲ್ಲ.

"ಕ್ಯಾಮೆಲಿಯಾ," ಎಂದಳು ಫುಮಿನೊ. "ಕೆಂಪು. ಅವರಿಗೆ ಅದೇ ಸರಿ."

ಹೇಳಿದ ಮೇಲೆ ಹಿಂತೆಗೆದುಕೊಳ್ಳಲು ಬೇಕಾದಷ್ಟು ಸಮಯವಿತ್ತು. ಭಾನುವಾರ ಟ್ರಾಮಿನಲ್ಲಿ ಮಿನೊರಿ ಕೊಂಬೆಯನ್ನು ಬಿಳಿ ಕಾಗದದಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡಿದ್ದಳು. ಎದುರು ಕೂತ ಹೆಂಗಸು ಹೂವನ್ನು ನೋಡಿ, ಯಾರನ್ನಾದರೂ ನೋಡಲು ಹೊರಟಿದ್ದೀರಾ ಎಂದು ಕೇಳಿದಳು. ಕಾಯಿಲೆಯವರನ್ನು ಎಂದು ಮಿನೊರಿ ಹೆಮ್ಮೆಯಿಂದ ಹೇಳಿದಾಗ ಆ ಹೆಂಗಸು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಫುಮಿನೊ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ: ಹೂ ನೋಡಿದ ಇಸೊಗಾಯ್ ಅವರ ಮುಖ ಬಾಡುತ್ತದೆ, ಮಿನೊರಿ ಎನ್ನುವ ಹೆಸರು ಆ ಬಾಯಿಂದ ಉದುರಿ ಹೋಗುತ್ತದೆ. ಅಲ್ಲಿಗೆ ಎಲ್ಲರೂ ಮೊದಲಿನ ಹಾಗೆ ಹೆಸರಿಲ್ಲದವರು.

ಹಿಂಬಾಗಿಲ ಬಳಿ ಕಿನು ಅಜ್ಜಿ ಕೊಂಬೆಯನ್ನು ನೋಡಿ ಬೆಚ್ಚಿದಳು. ಫುಮಿನೊಳನ್ನು ಪಕ್ಕಕ್ಕೆ ಎಳೆದು, "ಈ ಹುಡುಗಿಗೆ ಯಾರೂ ಹೇಳಲಿಲ್ವೇನೇ?" ಎಂದಳು.

"ನನಗೇನು ಗೊತ್ತಜ್ಜಿ."

"ನಿನ್ನ ಜೊತೇನಲ್ವಾ ಬಂದಿದ್ದು?"

ಬಾಗಿಲು ತೆರೆಯಿತು. ಇಸೊಗಾಯ್ ಅವರು ಕೊಂಚ ಸೊರಗಿದ್ದರು, ಆದರೆ ಆಗಲೇ ವೇಷ ತೊಟ್ಟಿದ್ದರು, ಸೊಂಟಕ್ಕೆ ಕತ್ತಿ ಸಿಕ್ಕಿಸಿತ್ತು. ಹಳಬರು ಕೊಡುವುದನ್ನೆಲ್ಲ ಕೊಟ್ಟು ಸರಿದರು. ಕೊನೆಗೆ ಮಿನೊರಿ ಎರಡೂ ಕೈ ಚಾಚಿದಳು. ಅವರು ಕಾಗದ ಬಿಡಿಸಿದರು. ಬಹಳ ಹೊತ್ತು ಹೂವನ್ನೇ ನೋಡಿದರು.

"ಇದನ್ನ ತರೋಕೆ ಯಾರು ಹೇಳಿದ್ರು?"

ಮಿನೊರಿಯ ಮುಖ ಬಿಳಿಚಿತು. "ತಪ್ಪಾಯ್ತಾ? ನಮ್ಮ ಕಡೆ ಈ ಮರ ಇಲ್ಲ. ಫುಮಿನೊ ಅಕ್ಕ ಹೇಳಿದ್ರು, ನಿಮಗೆ ಇದೇ ಸರಿ ಅಂತ."

ಇಡೀ ಸಾಲು ಫುಮಿನೊ ಕಡೆ ತಿರುಗಿತು. ಇಸೊಗಾಯ್ ಅವರೂ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

ಹರೆಯದಲ್ಲಿ ಅವರು ಬೀಳುವುದನ್ನು ನೋಡಿ ಅವರ ಗುರುಗಳು ರೇಗುತ್ತಿದ್ದರಂತೆ. ಒಂದು ಚಳಿಗಾಲ ಪೂರ್ತಿ, ಕೆಲಸ ಮುಗಿದ ಮೇಲೆ ಒಂದು ಕ್ಯಾಮೆಲಿಯಾ ಮರದ ಕೆಳಗೆ ಕೂರಿಸಿದರಂತೆ. ಹೂ ಬೀಳುವ ಮುಂಚೆ ಏನೂ ಆಗದ ಹಾಗೆ ಇರುತ್ತದೆ, ಬಿದ್ದ ಮೇಲೂ ಮುಖ ಮೇಲಕ್ಕಿರುತ್ತದೆ, ಅದನ್ನು ಕಲಿಯುವ ತನಕ ಎದ್ದು ಬರಬೇಡ ಎಂದರಂತೆ. ಇಸೊಗಾಯ್ ಅವರು ಇದನ್ನು ಹೇಳುತ್ತ ಹೂವನ್ನು ಎದೆಗೆ ಒತ್ತಿಕೊಂಡಿದ್ದರು.

"ಇದನ್ನ ನಾನು ಯಾರಿಗೂ ಹೇಳಿದ್ದಿಲ್ಲ. ನೋಡಿಯೇ ತಿಳ್ಕೊಂಡಿದ್ದೀರಿ. ಫುಮಿನೊ ಅವರೇ, ನಮ್ಮ ಗುರುಗಳನ್ನ ಬಿಟ್ರೆ ಇಷ್ಟು ಹತ್ತಿರದಿಂದ ನನ್ನ ನೋಡಿದವರು ನೀವೊಬ್ರೇ."

ಅಜ್ಜಿಯ ಮಡಿಲಿನಿಂದ ಇಲ್ಲಿಯವರೆಗೆ ಕಾದ ಹೆಸರು ಅದು. ಬಂತು. ಬಂದದ್ದು ಸುಟ್ಟ ಹಾಗೆ ಆಯಿತು.

"ಇಲ್ಲ," ಎಂದಳು ಫುಮಿನೊ. "ನಾನು ಹಾಗೆ ಯೋಚನೆ ಮಾಡಿ ಹೇಳಿದ್ದಲ್ಲ."

ಆದರೆ ಆ ಸೀಮೆಯಲ್ಲಿ ಹೊಗಳಿಸಿಕೊಂಡವರು ಅಲ್ಲವೆನ್ನಲೇಬೇಕು. ಎಷ್ಟು ಗಟ್ಟಿಯಾಗಿ ಅಲ್ಲವೆಂದರೆ ಅಷ್ಟು ಒಳ್ಳೆಯ ಮನೆಯವರು. ಇಸೊಗಾಯ್ ಅವರು ಮೆಚ್ಚಿ ತಲೆದೂಗಿದರು.

"ನಿಜವಾಗ್ಲೂ ಅಲ್ಲ. ನನ್ನ ಮನಸ್ಸಲ್ಲಿ ಒಳ್ಳೇದಿರ್ಲಿಲ್ಲ."

"ನೋಡಿದ್ರಾ," ಎಂದು ಅವರು ಸಾಲಿಗೆಲ್ಲ ಕೇಳುವಂತೆ ನಕ್ಕರು. "ಈಗಿನ ಕಾಲದವರಲ್ಲಿ ಇಷ್ಟು ವಿನಯ ಎಲ್ಲಿದೆ?" ನಗುತ್ತಲೇ ಅವಳೊಬ್ಬಳಿಗೇ ಎಂದು, ಬೆನ್ನು ನೋವನ್ನೂ ಲೆಕ್ಕಿಸದೆ, ಸೊಂಟದ ತನಕ ಬಗ್ಗಿದರು.

ಎಲ್ಲರೂ ಚಾಪೆಯ ಕಡೆ ನಡೆದರು. ಕಿನು ಅಜ್ಜಿ ಅವಳ ಪಕ್ಕಕ್ಕೆ ಬಂದು ಮೆಲ್ಲಗೆ, "ನಿಜ ಹೇಳಿದ್ರೂ ನಿನ್ನ ಕೊರಳಿಗೇ ಮಾಲೆ ಬಿತ್ತಲ್ಲೇ," ಎಂದಳು.

ಡೋಲು ಬಡಿಯಿತು. ನಾಯಕ ಬಂದ, ಕಡಿದ, ಜನ ಕೂಗಿದರು. ಇಸೊಗಾಯ್ ಅವರು ಕೊನೆಗೆ ಬಂದರು. ನಡುಪಟ್ಟಿಯಲ್ಲಿ ಆ ಕೆಂಪು ಹೂ ಸಿಕ್ಕಿಸಿಕೊಂಡಿದ್ದರು. ಕತ್ತಿ ತಗುಲಿತು. ಅವರು ನಿಂತರು, ಏನನ್ನೋ ಮನೆಯಲ್ಲೇ ಮರೆತವರಂತೆ. ಹೂ ಮೊದಲು ಕಳಚಿತು, ಸೇತುವೆಯ ಹಲಗೆಯ ಮೇಲೆ ಮುಖ ಮೇಲಾಗಿ ಕೂತಿತು. ಅದರ ಹಿಂದೆಯೇ ಅವರು ಬಿದ್ದರು, ಹೂವಿನ ಪಕ್ಕದಲ್ಲಿ, ಫುಮಿನೊ ಕೂತ ಕಡೆಗೆ ಮುಖ ಮಾಡಿ. ಅಷ್ಟು ಚೆಂದದ ಸಾವನ್ನು ಅವಳು ಈವರೆಗೆ ಕಂಡಿರಲಿಲ್ಲ.

ಮಿನೊರಿ ಅವಳ ಕೈ ಹಿಡಿದು ಒತ್ತಿದಳು. "ಅಕ್ಕ, ನಿಮ್ಮ ಕಡೆಗೇ ಬಿದ್ರು. ನೋಡಿದ್ರಾ?"

ಫುಮಿನೊ ಸೇತುವೆಯನ್ನು ಬಿಟ್ಟು ಮಿನೊರಿಯ ಮುಖ ನೋಡಿದಳು. ಅಲ್ಲಿ ಒಂದು ಕಿಡಿಯಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ತನ್ನ ಹೂ, ತಾನು ತಂದದ್ದು, ಹೆಸರು ಮಾತ್ರ ಇನ್ನೊಬ್ಬಳಿಗೆ ಹೋಯಿತಲ್ಲ ಎಂಬ ಸಣ್ಣ ಉರಿ. ಹುಬ್ಬಿನ ನಡುವೆ ಇರಲಿಲ್ಲ, ತುಟಿಯ ಮೂಲೆಯಲ್ಲಿ ಇರಲಿಲ್ಲ. ಹುಡುಗಿ ಅಳುತ್ತಿದ್ದಳು, ಸಂತೋಷಕ್ಕೆ. ಇಷ್ಟು ದಿನ ಫುಮಿನೊಗೆ ಅವಳ ಹೆಸರಿನ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಮಿನೊರಿಯ ಹೊಟ್ಟೆಯಲ್ಲಿ ಕಿಚ್ಚೇ ಇಲ್ಲವಲ್ಲ ಎನ್ನುವುದರ ಮೇಲೆ ಅದಕ್ಕಿಂತ ದೊಡ್ಡ ಕಿಚ್ಚು ಹತ್ತಿಕೊಂಡಿತು.

ಕಿನು ಅಜ್ಜಿ ಚೀಲದಿಂದ ಕಿತ್ತಳೆ ತೆಗೆದು ಸುಲಿದಳು. ಅರ್ಧವನ್ನು ಫುಮಿನೊಳ ಮುಂದಿನಿಂದಲೇ ಕೈ ಚಾಚಿ ಮಿನೊರಿಗೆ ಕೊಟ್ಟಳು. ಉಳಿದರ್ಧವನ್ನು ತಾನೇ ತಿನ್ನತೊಡಗಿದಳು. ಮಿನೊರಿ ತನ್ನ ಪಾಲಿನಿಂದ ತೊಳೆಗಳನ್ನು ಬಿಡಿಸಿ ಫುಮಿನೊಳ ಅಂಗೈಯಲ್ಲಿಟ್ಟಳು. ಫುಮಿನೊ ಅದನ್ನು ಹಿಡಿದುಕೊಂಡೇ ಕೂತಳು, ಸೇತುವೆಯ ಮೇಲೆ ಬಿದ್ದವರು ಎದ್ದು ಧೂಳು ಕೊಡವಿಕೊಳ್ಳುವ ತನಕ.