ಗೋಡೆಯ ಪರೀಕ್ಷೆ

ಲ್ಯಾಬಿನಲ್ಲಿ ದಿನವಿಡೀ ಗೋಡೆಗಳಿಗೆ ಬೆಂಕಿಯಿಟ್ಟು ಪರೀಕ್ಷಿಸುವ ಶ್ರೀಪತಿಗೆ ಹೆಂಡತಿ ವನಮಾಲಾಳ ಬ್ಲೆಂಡರಿನ ಗಲಾಟೆ ಮಾತ್ರ ಸಹಿಸಲಾಗುತ್ತಿರಲಿಲ್ಲ. ೧೯೭೬ರ ಬೇಸಿಗೆಯಲ್ಲಿ, ಅಮೆರಿಕದ ಜರ್ಮನ್‌ಟೌನಿನ ಮನೆಯಲ್ಲಿ ಅಡುಗೆಮನೆಗೂ ತನ್ನ ಓದುವ ಕೋಣೆಗೂ ನಡುವಿನ ಹಲಗೆಗೋಡೆ ಬಿಚ್ಚಿ, ಸದ್ದು ಹೀರುವ ಫೈಬರ್‌ಗ್ಲಾಸ್ ನಾರು ತುಂಬಿ, ಎರಡೆರಡು ಹಲಗೆ ಜಡಿದ. ಮೈಯೆಲ್ಲ ನವೆ, ಮುಖದ ತುಂಬ ಜಂಬ.

“ಬೆಂಕಿಗೂ ಜಗ್ಗಲ್ಲ, ಸದ್ದಿಗೂ ಜಗ್ಗಲ್ಲ. ಒಳಗಿಂದ ಕೂಗ್ತೀನಿ, ಕೇಳ್ಸುತ್ತಾ ಚೆಕ್ ಮಾಡು,” ಎಂದು ವನಮಾಲಾಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಕೋಣೆಯ ಬಾಗಿಲು ಹಾಕಿಕೊಂಡ.

ಪ್ಲಗ್ ಪಾಯಿಂಟಿನ ಸುತ್ತಲಿನ ಸಂದಿ ಮುಚ್ಚುವುದನ್ನು ಪುಣ್ಯಾತ್ಮ ಮರೆತಿದ್ದ. ವನಮಾಲಾ ಅಲ್ಲಿಗೇ ಕಿವಿಯಿಟ್ಟಳು. ಹನ್ನೆರಡು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವನ ಬಾಯಿಂದ ಹೊರಡದ ಮಾತು ತೂರಿಬಂತು: “ನಮ್ಮಮ್ಮನ ಸಾರಿಗಿಂತ ನಿನ್ನ ಸಾರೇ ಚೆನ್ನಾಗಿರುತ್ತೆ ಕಣೇ!”

ಶ್ರೀಪತಿ ಬಾಗಿಲು ತೆರೆದು ಇಣುಕಿದ. “ಕೇಳಿಸ್ತಾ?”

“ಏನೂ ಇಲ್ಲಾರೀ,” ಎಂದಳು ವನಮಾಲಾ. “ಇನ್ನೊಂದ್ಸಲ ಕೂಗಿ ನೋಡೋಣ.”